ತಂಪಾದ ಸ್ಥಳದಲ್ಲಿಡಿ

ಡಬ್ಬಿಯ ಮೇಲೆ ಬರೆದಿದೆ: ತಂಪಾದ ಸ್ಥಳದಲ್ಲಿಡಿ.
ಓದಿ ನಗು ಬಂತು.
ಹೊರಗೆ ಸೊನ್ನೆಗಿಂತ ಮೂವತ್ತೆಂಟು ಕೆಳಗೆ,
ಉಗುಳಿದರೆ ನೆಲ ಮುಟ್ಟುವಷ್ಟರಲ್ಲಿ ಕಲ್ಲು.
ಇಡೀ ದೇಶವನ್ನೇ ತಂಪಾದ ಸ್ಥಳದಲ್ಲಿಟ್ಟಿದ್ದಾರೆ,
ಇಟ್ಟವರು ಯಾರೋ, ಮರೆತು ಹೋದರು.

ನಾನು ಡ್ರೈವರು, ಗೊಂಬೊಸೂರೆನ್.
ಉಲಾನ್‌ಬಾತರಿನಿಂದ ನಮ್ಮ ಸೀಮೆಗೆ ಏಳುನೂರು ಕಿಲೋಮೀಟರು,
ನಾನೂರಕ್ಕೆ ಡಾಂಬರಿದೆ,
ಉಳಿದದ್ದಕ್ಕೆ ನನ್ನ ನೆನಪಿದೆ.
ಹನ್ನೊಂದು ಸೀಟಿನ ವ್ಯಾನು, ಹತ್ತೊಂಬತ್ತು ಜನ,
ಹಿಟ್ಟಿನ ಮೂಟೆ, ಯಾರದೋ ಸೊಸೆಯ ಹೊಲಿಗೆ ಯಂತ್ರ,
ಮತ್ತೆ ಈ ಚೀಟಿ,
ಸಿಗರೇಟು ಪ್ಯಾಕು ಬಿಡಿಸಿ ಒಳಮೈಗೆ ಬರೆದದ್ದು:

ದುಲ್ಮಾಗೆ ಕಣ್ಣಿನ ಹನಿ, ನೀಲಿ ಮುಚ್ಚಳದ್ದೇ ಆಗಬೇಕು.
ಮೇಷ್ಟ್ರಿಗೆ ಬಿ.ಪಿ. ಗುಳಿಗೆ, ಎರಡು ತಿಂಗಳಿಗೆ.
ಖುರೆಲ್‌ಬಾತರನಿಗೆ 'ಆ ಮುಲಾಮು':
ಯಾವುದೆಂದು ಅವನಿಗೆ ಗೊತ್ತು, ನನಗೆ ಗೊತ್ತು,
ಚೀಟಿಗೆ ಮಾತ್ರ ನಾಚಿಕೆ.
ನೊಮಿಂತುಯಾಗೆ ಇನ್ಸುಲಿನ್.

ನಮ್ಮಲ್ಲಿ ಔಷಧದಂಗಡಿ ಇಲ್ಲವೆಂದಲ್ಲ.
ಇದೆ. ಆಸ್ಪತ್ರೆ ಪಡಸಾಲೆಯ ಕೊನೆಗೆ, ಬೀರುವಿನಷ್ಟು ಅಗಲ.
ಬೀಗದ ಕೈ ತ್ಸೆರೆನ್‌ಹಂದಳ ಹತ್ತಿರ.
ತ್ಸೆರೆನ್‌ಹಂದ್ ಅಕ್ಕನ ಮಗುವಿನ ಚೌಳಕ್ಕೆಂದು ಹೋದವಳು
ಹಿಮ ಸಡಿಲಾಗದೆ ಬರಲಾರಳು.
ಅವಳಿದ್ದಾಗಲೂ ಅಲ್ಲಿ ಸಿಗುವುದು
ನೆಗಡಿ ಗುಳಿಗೆ, ಹತ್ತಿ, ಒಳ್ಳೆಯ ಮಾತು.

ಪಟ್ಟಣದಲ್ಲೋ
ಒಂದೇ ಸರ್ಕಲ್ಲಿಗೆ ನಾಲ್ಕು ಅಂಗಡಿ, ಎದುರುಬದುರು,
ನಾಲ್ಕಕ್ಕೂ ಮಿಣುಕುವ ಹಸಿರು.
ಬಸ್ಸಿಗೆಂದು ಸುಮ್ಮನೆ ನಿಂತರೂ ಗಾಜಿನ ಬಾಗಿಲು
ತಾನೇ ತೆರೆದುಕೊಂಡು ಬಾ ಅನ್ನುತ್ತದೆ.
ಬೆಕ್ಕಿನ ಕೂದಲು ಹೊಳೆಯಲು ಎಣ್ಣೆ ಇದೆ,
ಎರಡು ಕೊಂಡರೆ ಒಂದು ಪುಕ್ಕಟೆ.

ಕೌಂಟರಿನ ಹುಡುಗಿ ಕೇಳಿದಳು, ರೋಗಿಗೆ ವಯಸ್ಸೆಷ್ಟು?
ಕುದುರೆಗಳು ನಿಂತಲ್ಲೇ ಸತ್ತ ಚಳಿಗಾಲದಲ್ಲಿ ಹುಟ್ಟಿದ್ದು, ಅಂದೆ.
ಅಂದರೆ?
ಹನ್ನೊಂದು.
ಅವಳು ಬರೆದುಕೊಂಡಳು, ಆಮೇಲೆ ತಲೆಯೆತ್ತಿ,
ಎಷ್ಟು ದೂರ ಒಯ್ಯುತ್ತೀರಿ? ಹೆಪ್ಪುಗಟ್ಟಿದರೆ ಇದು ಸತ್ತ ಹಾಗೆ.
ಕರಗಿದ ಮೇಲೆ ಮೊದಲಿನಂತೆಯೇ ಕಾಣುತ್ತದೆ, ನಂಬಬೇಡಿ.

ಹಿಂದೆ ಸಾಲಿನಲ್ಲಿದ್ದವರು ಕೆಮ್ಮಿದರು.
ನಾನು ಸರಿಯಲಿಲ್ಲ.

ಹೋದ ಚಳಿಗಾಲ ಅದನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ತಂದಿದ್ದೆ.
ಕಣಿವೆಯಲ್ಲಿ ಚಕ್ರ ಸಿಡಿದು, ಬದಲಿಸಲು ಮೂರು ಗಂಟೆ,
ಎಂಜಿನ್ನು ಆರಿತ್ತು, ಹೀಟರೂ.
ಬೆಳಗ್ಗೆ ಸೀಸೆ ಬಿಸಿಲಿಗೆ ನೀರಿನ ಹಾಗೆ ಹೊಳೆಯಿತು.
ಅವಳ ತಾಯಿಯ ಕೈಗಿಟ್ಟೆ. ಆಕೆ ನನಗೆ ಒಣಮೊಸರು ಕೊಟ್ಟಳು,
ಬೇಡವೆಂದರೂ ಜೇಬಿಗೆ ತುರುಕಿ.
ಆ ವಾರವೇ ಹುಡುಗಿ ಮೂರು ದಿನ ಕಣ್ಣು ತೆರೆಯಲಿಲ್ಲ.
ಊಟದಲ್ಲಿ ಏನೋ ಎಡವಟ್ಟು ಅಂದರು.
ಯಾರೂ ನನ್ನನ್ನು ಕೇಳಲಿಲ್ಲ.
ಬದುಕಿದಳು. ಅದರಲ್ಲಿ ನನ್ನದೇನಿಲ್ಲ.

ಬರಿಮೈಗಲ್ಲ, ಒಳಂಗಿಯ ಮೇಲೆ, ಅಂದಳು ಹುಡುಗಿ,
ತನ್ನ ಕೋಟಿನ ಎಡಗಡೆ ತೋರಿಸಿ.

ಹಾಗೆಯೇ ಇಟ್ಟುಕೊಂಡಿದ್ದೇನೆ, ನಿಲುವಂಗಿಯ ಒಳಗೆ, ಕಂಕುಳಲ್ಲಿ,
ಎಡಮೊಣಕೈ ಪಕ್ಕೆಗೊತ್ತಿ, ಬಲಗೈಯೊಂದರಲ್ಲೇ ಸ್ಟೇರಿಂಗು.
ಜನ ನಗುತ್ತಾರೆ: ಗೊಂಬೊ ಮೊಟ್ಟೆಗೆ ಕಾವು ಕೂತಿದ್ದಾನೆ!
ಎಷ್ಟು ಮರಿ ಮಾಡುತ್ತೀಯೋ?
ನಾನೂ ನಕ್ಕೆ. ಡಾಂಬರು ಮುಗಿಯಿತು.
ನೀಲಿ ಬಟ್ಟೆ ಸುತ್ತಿದ ಕಲ್ಲುಗುಪ್ಪೆಗೆ ಮೂರು ಸುತ್ತು ಬಂದೆ,
ಮುರಿದ ರೆಕ್ಕೆಯ ಹಕ್ಕಿಯಂತೆ ಒಂದು ತೋಳು ಮುದುರಿಕೊಂಡು.

ಕವಲುದಾರಿಯಲ್ಲಿ ಬೈಕಿನ ಒಂಟಿ ದೀಪ.
ಹೇಳಬೇಕಾದದ್ದನ್ನು ಮುನ್ನೂರು ಕಿಲೋಮೀಟರು
ಬಾಯಿಪಾಠ ಮಾಡಿಕೊಂಡು ಬಂದಿದ್ದೆ.
ಡಬ್ಬಿ ಕೊಟ್ಟೆ. ಬೆಚ್ಚಗಿದೆಯಲ್ಲ, ಅಂದಳು ಸರಾನ್‌ಗೆರೆಲ್,
ಕೇಳದೆಯೇ ಎದೆಯೊಳಗಿಟ್ಟು ಗುಂಡಿ ಹಾಕಿಕೊಂಡಳು.
ಬರೆದದ್ದನ್ನು ನಂಬಬೇಡ, ಅಂದೆ,
ತಂಪಾದ ಸ್ಥಳದಲ್ಲಿಡಬೇಡ.
ಅಷ್ಟೇ ಬಂತು ಬಾಯಿಗೆ.
ಒಣಮೊಸರು ಕೊಟ್ಟಳು.

ಬೈಕಿನ ಕೆಂಪು ದೀಪ ದಿಬ್ಬ ಇಳಿಯುವ ತನಕ
ಎಡಗೈ ಪಕ್ಕೆಯಿಂದ ಬಿಡಿಸಲು ಆಗಲಿಲ್ಲ.

ದುಲ್ಮಾಗೆ ಸಿಕ್ಕಿದ್ದು ಹಸಿರು ಮುಚ್ಚಳದ್ದು.
ಬೈಯುತ್ತಾಳೆ.